ಕ್ಯಾಮೆರಾ ಕೊಳ್ಳುವ ಮುನ್ನ ಒಂದು ಮಾತು

'ಕುಣಿಯಲಾರದವಳು ನೆಲ ಡೊಂಕು ಎಂದಳಂತೆ' ಎಂಬ ಗಾದೆ ನಮಗೆಲ್ಲ ಗೊತ್ತು. ಚಿತ್ರ ತೆಗೆಯುವ ಹವ್ಯಾಸವುಳ್ಳವರ ಬಾಯಲ್ಲಿ ಅದೇ ಗಾದೆ ಸ್ವಲ್ಪ ಬೇರೆ ರೂಪದಲ್ಲಿ ಬರುತ್ತದೆ. ಚಿತ್ರ ಸರಿ ಬರಲಿಲ್ಲ, ಏಕೆಂದರೆ ಕ್ಯಾಮೆರಾ ಹಳೆಯದು! ನಾವೂ ಹಲವು ವರ್ಷ ಹೀಗೆ ಹೇಳಿಕೊಂಡು ಬಂದವರೇ. ಆದ್ದರಿಂದ ಈ ಲೇಖನವನ್ನು ಬುದ್ಧಿವಾದ ಎಂದು ತಿಳಿಯಬೇಡಿ. ಹಣ ಕಳೆದುಕೊಂಡು, ಹಣಕ್ಕಿಂತ ದೊಡ್ಡದೊಂದನ್ನೂ ಕಳೆದುಕೊಂಡ ಮೇಲೆ ನಮಗೆ ತಿಳಿದ ನಾಲ್ಕು ಮಾತುಗಳಿವು.

ಈ ವರ್ಷ ಒಂಬತ್ತನೇ ತರಗತಿಯಲ್ಲಿರುವ ನಮ್ಮ ಮಗಳು ಒಂದು ಸಂಜೆ ಪಟ್ಟಿಯೊಂದನ್ನು ಹಿಡಿದು ಬಂದಳು. ಅದರಲ್ಲಿ ಮೂರು ಕ್ಯಾಮೆರಾಗಳ ಹೆಸರು, ಅವುಗಳ ಮೆಗಾಪಿಕ್ಸೆಲ್, ಸೆಕೆಂಡಿಗೆ ಎಷ್ಟು ಚಿತ್ರ ಎಂಬ ಲೆಕ್ಕ, ಕೊನೆಗೆ ಬೆಲೆ. "ಅಪ್ಪಾ, ಅಮ್ಮಾ, ಇದರಲ್ಲಿ ಯಾವುದು ಒಳ್ಳೆಯದು ಹೇಳಿ" ಎಂದಳು. ನಾವು ಪಟ್ಟಿಯನ್ನು ತಿರುಗಿಸಿ ಮುರುಗಿಸಿ ನೋಡಿದೆವು. ಅದರಲ್ಲಿ ಲೆನ್ಸಿನ ಹೆಸರೇ ಇರಲಿಲ್ಲ. ಏನಿದ್ದರೂ ಬೇಕಾದದ್ದು ಬಾಡಿ, ಲೆನ್ಸ್ ಅದರ ಜೊತೆಗೆ ಬರುತ್ತದೆ ಎಂಬುದು ಅವಳ ಎಣಿಕೆ. ಹಲವು ವರ್ಷಗಳ ಹಿಂದೆ ನಮ್ಮ ಎಣಿಕೆಯೂ ಅದೇ ಆಗಿತ್ತು.

2007ರ ಒಂದು ಕಥೆ

ಗೋನು ಚಂಡಮಾರುತ ಬಂದು ಮಸ್ಕತ್‌ನ ರಸ್ತೆಗಳನ್ನೆಲ್ಲ ತೊಳೆದುಕೊಂಡು ಹೋದ ವರ್ಷ ಅದು, 2007. ನಮಗೆ ಆಗಷ್ಟೇ ಮದುವೆಯಾಗಿತ್ತು. ಡಿಸೆಂಬರ್ ರಜೆಗೆ ಊರಿಗೆ ಹೋಗುವ ಮುಂಚೆ ರುವಿಯ ಅಂಗಡಿಯೊಂದರಲ್ಲಿ ನಮ್ಮ ಮೊದಲ ಡಿಎಸ್‌ಎಲ್‌ಆರ್ ಕೊಂಡೆವು. ಆಗ ಆರು ಮೆಗಾಪಿಕ್ಸೆಲ್‌ನದೊಂದು ಅಗ್ಗಕ್ಕೆ ಸಿಗುತ್ತಿತ್ತು. ನಾವು ಹೆಚ್ಚು ಹಣ ಕೊಟ್ಟು ಹತ್ತು ಮೆಗಾಪಿಕ್ಸೆಲ್‌ನದನ್ನೇ ಆರಿಸಿದೆವು. ಜೊತೆಗೆ ಬಂದದ್ದು ಮಾಮೂಲಿ 18-55 ಮಿ.ಮೀ. ಕಿಟ್ ಲೆನ್ಸ್. ಅದೂ ಸಾಲದೆಂದು ದೂರದ್ದನ್ನು ಹತ್ತಿರಕ್ಕೆ ತರುವ 70-300ರ ಲೆನ್ಸನ್ನೂ ಕೊಂಡೆವು. ಚೀಲ ತುಂಬಿತು, ಕಿಸೆ ಖಾಲಿಯಾಯಿತು.

ಊರಲ್ಲಿ ಎಂಬತ್ತು ದಾಟಿದ ಅಜ್ಜಿ ಇದ್ದರು. ಕರಾವಳಿಯ ಹಳೆಯ ಹಂಚಿನ ಮನೆ. ಒಳಗೆ ಹಗಲಿನಲ್ಲೂ ದೀಪ ಬೇಕು. ಅಡುಗೆಮನೆಯಲ್ಲಿ, ದೇವರ ಕೋಣೆಯ ಮುಂದೆ, ರಾತ್ರಿ ಊಟದ ಹೊತ್ತಿನಲ್ಲಿ ಅಜ್ಜಿಯ ಚಿತ್ರ ತೆಗೆದೆವು. ಫ್ಲಾಶ್ ಹಾಕಿದರೆ ಮುಖ ಸುಣ್ಣ ಬಳಿದ ಗೋಡೆಯಂತೆ ಬೆಳ್ಳಗೆ, ಹಿಂದೆ ಕಪ್ಪು ಕತ್ತಲೆ. ಫ್ಲಾಶ್ ತೆಗೆದರೆ ಎಲ್ಲವೂ ಮಸುಕು. "ಎಷ್ಟು ಸಲ ಮಿಂಚು ಹೊಡೆಸ್ತೀರಿ ಮಕ್ಕಳೇ, ಕಣ್ಣು ಕತ್ತಲೆ ಬರ್ತದೆ" ಎಂದು ಅಜ್ಜಿ ಸೆರಗು ಅಡ್ಡ ಹಿಡಿಯುತ್ತಿದ್ದರು. ನಾವು ನಗುತ್ತ ಮತ್ತೆ ಮತ್ತೆ ಗುಂಡಿ ಒತ್ತುತ್ತಿದ್ದೆವು. ಇನ್ನೂರಕ್ಕೂ ಹೆಚ್ಚು ಚಿತ್ರಗಳಾದವು.

ಮರುವರ್ಷದ ಮಳೆಗಾಲದಲ್ಲಿ ಅಜ್ಜಿ ತೀರಿಕೊಂಡರು. ಗೋಡೆಗೆ ಹಾಕಲು ಒಂದು ಫೋಟೋ ಬೇಕು ಎಂದು ಊರಿನಿಂದ ಕರೆ ಬಂತು. ಮಸ್ಕತ್‌ನಲ್ಲಿ ಕುಳಿತು ರಾತ್ರಿಯಿಡೀ ಆ ಇನ್ನೂರು ಚಿತ್ರಗಳನ್ನು ಜಾಲಾಡಿದೆವು. ಒಂದೂ ಬಳಸುವಂತಿರಲಿಲ್ಲ. ಕೊನೆಗೆ ಊರಿನವರು ಯಾವುದೋ ಮದುವೆಯ ಗುಂಪು ಚಿತ್ರದಿಂದ ಅಜ್ಜಿಯ ಮುಖವನ್ನಷ್ಟೇ ಕತ್ತರಿಸಿ, ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿದರು. ಇವತ್ತಿಗೂ ಗೋಡೆಯ ಮೇಲಿರುವುದು ಅದೇ. ನಮ್ಮ ಮಗಳು ಅಜ್ಜಿಯನ್ನು ನೋಡಿದವಳಲ್ಲ. ಚಿಕ್ಕವಳಿದ್ದಾಗ ಅವಳು ಆ ಫೋಟೋ ನೋಡಿ, "ಮುತ್ತಜ್ಜಿ ನಗುವುದೇ ಇಲ್ವಾ?" ಎಂದು ಕೇಳಿದ್ದಳು. ನಗುತ್ತಿದ್ದರು ಮಗಾ, ಯಾವಾಗಲೂ ನಗುತ್ತಿದ್ದರು. ಅದನ್ನು ಹಿಡಿದಿಡಲು ನಮಗೆ ಬರಲಿಲ್ಲ, ಅಷ್ಟೆ.

ಆಗ ನಮ್ಮಲ್ಲಿ ಇಲ್ಲದಿದ್ದುದು ಮೆಗಾಪಿಕ್ಸೆಲ್ ಅಲ್ಲ, ಬೆಳಕು. ಈ ಒಂದು ವಾಕ್ಯ ಅರ್ಥವಾಗಲು ನಮಗೆ ಇನ್ನೂ ಎರಡು ವರ್ಷ ಬೇಕಾಯಿತು.

ಮೆಗಾಪಿಕ್ಸೆಲ್ ಎಂಬ ಮಾಯೆ

ಮೊದಲು ಸುಲಭದ ಲೆಕ್ಕವೊಂದನ್ನು ನೋಡೋಣ. ವಿದ್ಯಾರ್ಥಿಗಳು ಕಾಗದ ಪೆನ್ಸಿಲ್ ತೆಗೆದುಕೊಳ್ಳಿ. ಒಳ್ಳೆಯ ಮುದ್ರಣಕ್ಕೆ ಇಂಚಿಗೆ 300 ಬಿಂದುಗಳು ಸಾಕು ಎಂಬುದು ವಾಡಿಕೆ. ಆಲ್ಬಮ್ಮಿಗೆ ಹಾಕುವ 6×4 ಇಂಚಿನ ಚಿತ್ರಕ್ಕೆ 1800×1200, ಅಂದರೆ ಸುಮಾರು 22 ಲಕ್ಷ ಬಿಂದುಗಳು ಬೇಕು. ಅದು ಎರಡು ಚಿಲ್ಲರೆ ಮೆಗಾಪಿಕ್ಸೆಲ್ ಆಯಿತು. ಗೋಡೆಗೆ ಹಾಕುವ 12×8 ಇಂಚಿನ ಚಿತ್ರಕ್ಕೆ 3600×2400, ಅಂದರೆ ಒಂಬತ್ತು ಮೆಗಾಪಿಕ್ಸೆಲ್‌ಗೂ ಸ್ವಲ್ಪ ಕಡಿಮೆ. ನಮ್ಮ 2007ರ ಕ್ಯಾಮೆರಾ ಅಜ್ಜಿಯ ಫೋಟೋಗೆ ಧಾರಾಳವಾಗಿ ಸಾಕಿತ್ತು!

ಇನ್ನೊಂದು ಮಾತು. ಮೆಗಾಪಿಕ್ಸೆಲ್ ಎರಡರಷ್ಟಾದರೆ ಚಿತ್ರ ಎರಡರಷ್ಟು ದೊಡ್ಡದಾಗುತ್ತದೆ ಎಂದು ಹಲವರು ತಿಳಿದಿದ್ದಾರೆ. ಉದ್ದ ಅಗಲ ಎರಡೂ ಬೆಳೆಯಬೇಕಾದ್ದರಿಂದ ಒಂದೊಂದು ಬದಿ ಹೆಚ್ಚುವುದು ಸುಮಾರು 1.4 ಪಟ್ಟು ಮಾತ್ರ. ಇಂದಿನ ಸಾಧಾರಣ ಕ್ಯಾಮೆರಾಗಳಲ್ಲಿಯೂ 24 ಮೆಗಾಪಿಕ್ಸೆಲ್ ಇರುತ್ತದೆ. 6000×4000 ಎಂದರೆ 20×13 ಇಂಚಿನ ಮುದ್ರಣ. ನಮ್ಮ ಫ್ಲ್ಯಾಟುಗಳ ಗೋಡೆಗೆ ಅದಕ್ಕಿಂತ ದೊಡ್ಡದು ಯಾರಿಗೆ ಬೇಕು? ಆದ್ದರಿಂದ ಅಂಗಡಿಯ ಚೀಟಿಯ ಮೇಲಿನ ಆ ಒಂದು ಸಂಖ್ಯೆಯನ್ನು ನೋಡಿ ಯಾರೂ ಮರುಳಾಗಬೇಕಿಲ್ಲ.

ಲೆನ್ಸ್ ಎಂದರೆ ಮನೆಯ ಕಿಟಕಿ

ಹಾಗಾದರೆ ನೋಡಬೇಕಾದ ಸಂಖ್ಯೆ ಯಾವುದು? ಲೆನ್ಸಿನ ಮೇಲೆ ಎರಡು ಸಂಖ್ಯೆಗಳಿರುತ್ತವೆ. ಒಂದು ಮಿಲಿಮೀಟರ್‌ನಲ್ಲಿ ಹೇಳುವ ನಾಭಿದೂರ. ಇದು ಚಿಕ್ಕದಾದಷ್ಟೂ ನೋಟ ಅಗಲ, ದೊಡ್ಡದಾದಷ್ಟೂ ದೂರದ್ದು ಹತ್ತಿರ. ಇನ್ನೊಂದು 'ಎಫ್' ಸಂಖ್ಯೆ, ಅಂದರೆ ಬೆಳಕು ಒಳಬರುವ ಕಿಂಡಿಯ ಅಳತೆ. ವಿಚಿತ್ರವೆಂದರೆ ಇಲ್ಲಿ ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು.

ನಮ್ಮ ಕಿಟ್ ಲೆನ್ಸನ್ನು 55 ಮಿ.ಮೀ.ಗೆ ತಿರುಗಿಸಿದಾಗ ಅದರ ಅತಿ ದೊಡ್ಡ ಕಿಂಡಿ ಎಫ್ 5.6. ಆದರೆ ಹೆಚ್ಚುಕಡಿಮೆ ಎಲ್ಲ ಕಂಪನಿಗಳೂ ಮಾಡುವ, ಲೆನ್ಸುಗಳಲ್ಲೇ ಅಗ್ಗದವುಗಳ ಸಾಲಿಗೆ ಸೇರುವ 50 ಮಿ.ಮೀ. ಲೆನ್ಸಿನ ಕಿಂಡಿ ಎಫ್ 1.8. ಎರಡಕ್ಕೂ ಇರುವ ವ್ಯತ್ಯಾಸ ತಿಳಿಯಲು 5.6ನ್ನು 1.8ರಿಂದ ಭಾಗಿಸಿ, ಬಂದದ್ದನ್ನು ವರ್ಗ ಮಾಡಿ. ಹತ್ತಿರ ಹತ್ತಿರ ಹತ್ತು ಬರುತ್ತದೆ. ಅಂದರೆ ಆ ಪುಟ್ಟ ಲೆನ್ಸು ಹತ್ತು ಪಟ್ಟು ಬೆಳಕನ್ನು ಒಳಗೆ ಬಿಡುತ್ತದೆ! ಕಿಟ್ ಲೆನ್ಸಿನಲ್ಲಿ ಸೆಕೆಂಡಿನ ಹದಿನೈದನೇ ಒಂದು ಭಾಗ ತೆರೆದಿಡಬೇಕಾದ ಕಡೆ ಇದಕ್ಕೆ ನೂರೈವತ್ತನೇ ಒಂದು ಭಾಗ ಸಾಕು. ಮೊದಲನೆಯದರಲ್ಲಿ ಅಜ್ಜಿ ತಲೆಯಾಡಿಸಿದರೂ ಮಸುಕು. ಎರಡನೆಯದರಲ್ಲಿ ನಗು ಹಾಗೆಯೇ ನಿಲ್ಲುತ್ತದೆ.

ಎಷ್ಟೇ ದುಬಾರಿ ಬಾಡಿ ತಂದರೂ ಕಿಂಡಿ ಚಿಕ್ಕದಾದರೆ ಒಳಗೆ ಬರುವ ಬೆಳಕು ಅಷ್ಟೇ. ಕತ್ತಲೆ ಮನೆಗೆ ಬಣ್ಣ ಬಳಿದರೆ ಬೆಳಕಾಗುವುದಿಲ್ಲ, ಕಿಟಕಿ ಒಡೆಯಬೇಕು. ಅದಕ್ಕೇ ನಮ್ಮ ಅಭಿಪ್ರಾಯವಿಷ್ಟು: ಹವ್ಯಾಸಿಗಳು ಬಾಡಿಗೆ ಕೊಡುವ ಹಣದಲ್ಲಿ ಉಳಿಸಿ ಲೆನ್ಸಿಗೆ ಕೊಡಬೇಕು.

ಬಾಡಿ ಹಳತಾಗುತ್ತದೆ, ಲೆನ್ಸ್ ಉಳಿಯುತ್ತದೆ

ಇದಕ್ಕೆ ಇನ್ನೊಂದು ಕಾರಣವೂ ಇದೆ. ನಾಲ್ಕೈದು ವರ್ಷಗಳಲ್ಲಿ ಬಾಡಿಯ ಹೊಸ ಮಾದರಿ ಬಂದು ಹಳೆಯದರ ಬೆಲೆ ಬಿದ್ದುಹೋಗುತ್ತದೆ. ಲೆನ್ಸಿನ ಆಯುಸ್ಸು ದೊಡ್ಡದು. ನಿಕಾನ್ ಕಂಪನಿಯ 'ಎಫ್' ಮೌಂಟ್ ಶುರುವಾದದ್ದು 1959ರಲ್ಲಿ. ಕ್ಯಾನನ್ನಿನ 'ಇಎಫ್' ಮೌಂಟ್ ಬಂದದ್ದು 1987ರಲ್ಲಿ. 2018ರಲ್ಲಿ ಈ ಎರಡೂ ಕಂಪನಿಗಳು ಕನ್ನಡಿಯಿಲ್ಲದ, ಅಂದರೆ ಮಿರರ್‌ಲೆಸ್ ಕ್ಯಾಮೆರಾಗಳಿಗಾಗಿ 'ಝಡ್' ಮತ್ತು 'ಆರ್‌ಎಫ್' ಎಂಬ ಹೊಸ ಮೌಂಟುಗಳನ್ನು ತಂದವು. ಆದರೂ ಹಳೆಯ ಲೆನ್ಸುಗಳು ಮೂಲೆಗೆ ಸೇರಲಿಲ್ಲ. ನಡುವೆ ಅಡಾಪ್ಟರ್ ಎಂಬ ಬಳೆಯೊಂದನ್ನು ಹಾಕಿದರೆ ಹೊಸ ಬಾಡಿಯ ಮೇಲೂ ಕೂರುತ್ತವೆ.

ಆದರೆ ಕೂರುವುದು ಬೇರೆ, ಪೂರ್ತಿ ಕೆಲಸ ಮಾಡುವುದು ಬೇರೆ. ಇದು ಕೊಳ್ಳುವ ಮುಂಚೆ ತಿಳಿದಿರಬೇಕಾದ ಸಂಗತಿ. ನಿಕಾನ್‌ನ ಹಳೆಯ 'ಎಎಫ್-ಡಿ' ಲೆನ್ಸುಗಳ ಒಳಗೆ ಮೋಟಾರ್ ಇಲ್ಲ. ಅವುಗಳ ಫೋಕಸನ್ನು ಬಾಡಿಯ ಮೋಟಾರೇ ತಿರುಗಿಸಬೇಕು. 2006ರ ಡಿ40ರಿಂದ ಹಿಡಿದು 2018ರ ಡಿ3500ರವರೆಗೆ ಆ ಕಂಪನಿಯ ಆರಂಭಿಕ ದರ್ಜೆಯ ಬಾಡಿಗಳಲ್ಲಿ ಈ ಮೋಟಾರ್ ಇರಲಿಲ್ಲ. ಅವುಗಳ ಮೇಲೆ ಆ ಲೆನ್ಸಿಟ್ಟರೆ ಫೋಕಸನ್ನು ಕೈಯಿಂದಲೇ ಮಾಡಬೇಕು. ಇದು ದೋಷವಲ್ಲ, ಬಾಡಿಯನ್ನು ಹಗುರ ಮತ್ತು ಅಗ್ಗ ಮಾಡಲು ಆರಿಸಿಕೊಂಡ ದಾರಿ. ಆದರೆ ಮಾವನ ಹಳೆಯ ಲೆನ್ಸ್ ಸಿಕ್ಕಿತೆಂದು ಖುಷಿಪಡುವ ಹುಡುಗನಿಗೆ ಇದು ಮೊದಲೇ ತಿಳಿದಿರಲಿ. ಆದ್ದರಿಂದ ಬಾಡಿ ಆರಿಸುವುದೆಂದರೆ ಒಂದು ಪೆಟ್ಟಿಗೆಯನ್ನು ಆರಿಸಿದಂತಲ್ಲ, ಲೆನ್ಸುಗಳ ಒಂದು ಮನೆತನವನ್ನೇ ಆರಿಸಿದಂತೆ. ಸಂಬಂಧ ಮಾಡುವ ಮೊದಲು ಮನೆತನ ವಿಚಾರಿಸುವುದು ನಮ್ಮವರಿಗೆ ಹೇಳಿಕೊಡಬೇಕೇ?

ಸೆನ್ಸರಿನ ಅಳತೆಯೂ ಗಮನದಲ್ಲಿರಲಿ. ಹಳೆಯ ಫಿಲ್ಮಿನಷ್ಟೇ ಇರುವ 36×24 ಮಿ.ಮೀ. ಸೆನ್ಸರನ್ನು ಫುಲ್ ಫ್ರೇಮ್ ಎನ್ನುತ್ತಾರೆ. ಹವ್ಯಾಸಿಗಳ ಹೆಚ್ಚಿನ ಕ್ಯಾಮೆರಾಗಳಲ್ಲಿರುವುದು ಸುಮಾರು 24×16 ಮಿ.ಮೀ.ನ ಎಪಿಎಸ್-ಸಿ. ಚಿಕ್ಕ ಸೆನ್ಸರಿನ ಮೇಲೆ ನೋಟ ಕಿರಿದಾಗುತ್ತದೆ. 50 ಮಿ.ಮೀ. ಲೆನ್ಸು 75 ಅಥವಾ 80 ಮಿ.ಮೀ.ನಂತೆ ಕಾಣಿಸುತ್ತದೆ. ಮುಖ ತೆಗೆಯಲು ಇದು ಚೆನ್ನ. ಆದರೆ ರುವಿಯ ಎರಡು ಕೋಣೆಯ ಫ್ಲ್ಯಾಟಿನಲ್ಲಿ ಹುಟ್ಟುಹಬ್ಬದ ಚಿತ್ರ ತೆಗೆಯಲು ಹೋದರೆ ಬೆನ್ನು ಗೋಡೆಗೆ ತಾಗುತ್ತದೆ. ಅಂಥವರಿಗೆ 35 ಮಿ.ಮೀ.ನ ಎಫ್ 1.8 ಲೆನ್ಸು ಒಳ್ಳೆಯದು. ಫುಲ್ ಫ್ರೇಮ್ ಚೆನ್ನಾಗಿರುತ್ತದೆ ನಿಜ. ಆದರೆ ಅದಕ್ಕೆ ತಕ್ಕ ಲೆನ್ಸುಗಳ ಬೆಲೆ ಮತ್ತು ತೂಕ ಎರಡೂ ಹೆಚ್ಚು. ಮನೆಯಲ್ಲೇ ಉಳಿಯುವ ಭಾರದ ಕ್ಯಾಮೆರಾಗಿಂತ ಕೈಯಲ್ಲಿರುವ ಹಗುರ ಕ್ಯಾಮೆರಾ ಮೇಲು.

ಏನು ತೆಗೆಯುತ್ತೀರಿ?

'ಯಾವ ಕ್ಯಾಮೆರಾ ಒಳ್ಳೆಯದು' ಎಂಬ ಪ್ರಶ್ನೆಗೆ ಉತ್ತರವಿಲ್ಲ. 'ನಾನು ಏನು ತೆಗೆಯುತ್ತೇನೆ' ಎಂಬ ಪ್ರಶ್ನೆಗೆ ಇದೆ.

ವಾದಿಗಳು, ಜಬಲ್ ಅಖ್ದರ್‌ನ ಬೆಟ್ಟಗಳು, ಮತ್ರಾದ ಕಡಲದಂಡೆ ನಿಮ್ಮ ಇಷ್ಟದ ವಿಷಯಗಳೇ? ಒಮಾನಿನ ಬಿಸಿಲಿಗೆ ಕಿಟ್ ಲೆನ್ಸು ಧಾರಾಳ ಸಾಕು. ಕಿಂಡಿಯನ್ನು ಎಫ್ 8ಕ್ಕೆ ಇಟ್ಟು ಬೆಳಿಗ್ಗೆ ಬೇಗ, ಇಲ್ಲವೇ ಸಂಜೆ ಹೋಗಿ. ಹೊಸದೇನೂ ಕೊಳ್ಳಬೇಡಿ.

ಅನ್ಸಬ್‌ನ ಜೌಗು ಪ್ರದೇಶಕ್ಕೆ ಬರುವ ರಾಜಹಂಸಗಳಂಥ ಹಕ್ಕಿಗಳು ಬೇಕೇ? ಕನಿಷ್ಠ 300 ಮಿ.ಮೀ. ಬೇಕು, ಅದಕ್ಕಿಂತ ಹೆಚ್ಚು ತಾಳ್ಮೆ ಬೇಕು. ಮೂಡಿಗೆರೆಯಲ್ಲಿ ಹಕ್ಕಿಗಳ ಹಿಂದೆ ಬಿದ್ದ ಪೂರ್ಣಚಂದ್ರ ತೇಜಸ್ವಿಯವರಾಗಲಿ, ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್ ಅವರಾಗಲಿ ಚಿತ್ರ ತೆಗೆಯಲು ಕಲಿತದ್ದು ಫಿಲ್ಮಿನ ಕಾಲದಲ್ಲಿ. ಒಂದು ರೋಲಿಗೆ ಮೂವತ್ತಾರು ಚಿತ್ರ, ಆಮೇಲೆ ತೊಳೆಸುವವರೆಗೂ ಏನು ಬಂದಿದೆ ಎಂದು ತಿಳಿಯದು. ಆ ಕಾಲದಲ್ಲಿ ಗುಂಡಿ ಒತ್ತುವ ಮೊದಲು ಎಷ್ಟು ಹೊತ್ತು ನೋಡುತ್ತ ಕೂರಬೇಕಾಗಿತ್ತು ಎಂದು ಯೋಚಿಸಿ.

ನಮ್ಮ ಶಾಲೆಯ ವಾರ್ಷಿಕೋತ್ಸವವೇ? ಪ್ರತಿ ವರ್ಷ ಸಭಾಂಗಣದ ಹಿಂದಿನ ಸಾಲಿನಿಂದ ಫಳಫಳನೆ ಫ್ಲಾಶ್ ಹೊಳೆಯುವುದನ್ನು ನಾವೆಲ್ಲ ನೋಡಿದ್ದೇವೆ. ಪೋಷಕ ಮಿತ್ರರೇ, ಕ್ಯಾಮೆರಾದ ಮೇಲಿನ ಆ ಪುಟ್ಟ ಫ್ಲಾಶ್ ಕೆಲವೇ ಮೀಟರ್ ದೂರ ಹೋಗುತ್ತದೆ. ಅದರ ಬೆಳಕು ಬೀಳುವುದು ಮುಂದಿನ ಸಾಲಿನವರ ತಲೆಯ ಮೇಲೆ, ವೇದಿಕೆಯ ಮೇಲಲ್ಲ! ಫ್ಲಾಶ್ ನಿಲ್ಲಿಸಿ. ಐಎಸ್‌ಒವನ್ನು 1600 ಅಥವಾ 3200ಕ್ಕೆ ಏರಿಸಿ. ಹಿಂದಿನ ಪರದೆ ಕಪ್ಪಾಗಿದ್ದರೆ ಎಕ್ಸ್‌ಪೋಶರನ್ನು ಒಂದು ಹಂತ ಇಳಿಸಿ. ಇಲ್ಲದಿದ್ದರೆ ಕ್ಯಾಮೆರಾ ಕತ್ತಲೆಯನ್ನು ಬೆಳಗಲು ಹೋಗಿ ಮಕ್ಕಳ ಮುಖವನ್ನು ಬಿಳಿಚಿಸುತ್ತದೆ. ಇಷ್ಟರ ಮೇಲೂ ಸಾಲದಿದ್ದರೆ 85 ಮಿ.ಮೀ.ನ ಎಫ್ 1.8 ಲೆನ್ಸಿನ ಬಗ್ಗೆ ಯೋಚಿಸಿ.

ಇನ್ನು 18-200, 18-300 ಎಂಬ 'ಎಲ್ಲದಕ್ಕೂ ಒಂದೇ' ಲೆನ್ಸುಗಳಿವೆ. ಪ್ರವಾಸಕ್ಕೆ ಅನುಕೂಲ, ಮರುಭೂಮಿಯ ಧೂಳಿನಲ್ಲಿ ಲೆನ್ಸ್ ಬದಲಿಸುವ ಗೋಳಿಲ್ಲ. ಆದರೆ ದೂರದ ತುದಿಯಲ್ಲಿ ಕಿಂಡಿ ಚಿಕ್ಕದು. ಮನೆಯೊಳಗಿನ ಕತ್ತಲೆಯಲ್ಲಿ ನಮ್ಮ 2007ರ ಕಥೆಯೇ ಮರುಕಳಿಸುತ್ತದೆ.

ಫೋನ್ ಇದೆಯಲ್ಲ, ಬಾಡಿ ಬೇಡವೇ ಎನ್ನುವವರಿಗೆ

ಇಲ್ಲಿ ಎರಡು ಆಕ್ಷೇಪಗಳು ಬರುತ್ತವೆ. ಮೊದಲನೆಯದು, ಫೋನಿನಲ್ಲೇ ಚಂದದ ಚಿತ್ರ ಬರುವಾಗ ಇದೆಲ್ಲ ಏಕೆ ಎಂಬುದು. ನ್ಯಾಯವಾದ ಮಾತು. ಊಟದ ಮೇಜು, ಗೆಳೆಯರ ಗುಂಪು, ಪ್ರವಾಸ ಎಲ್ಲಕ್ಕೂ ಫೋನ್ ಸಾಕು. ಆದರೆ ಫೋನಿನ ಮುಖ್ಯ ಲೆನ್ಸು ಅಗಲ ನೋಟದ್ದು. ಅದನ್ನು ಮುಖದ ಹತ್ತಿರ ಹಿಡಿದರೆ ಮೂಗು ದೊಡ್ಡದಾಗಿ ಕಿವಿ ಹಿಂದೆ ಸರಿಯುತ್ತದೆ. ದೂರದ ಹಕ್ಕಿ, ಓಡುವ ಮಗು, ಕತ್ತಲೆಯ ವೇದಿಕೆ ಎಂದರೆ ಅದು ಏದುಸಿರು ಬಿಡುತ್ತದೆ. ನಿಮ್ಮ ಆಸೆ ಅಲ್ಲಿಗೆ ಮುಟ್ಟಿದ ದಿನ ಕ್ಯಾಮೆರಾ ಕೊಳ್ಳಿ. ಅದಕ್ಕೆ ಮುಂಚೆ ಬೇಡ.

ಎರಡನೆಯದು, ಬಾಡಿಯಿಂದ ಏನೂ ಪ್ರಯೋಜನವಿಲ್ಲವೇ ಎಂಬುದು. ಇದೆ, ಇಲ್ಲವೆಂದು ನಾವು ಹೇಳುವುದಿಲ್ಲ. ಹಾರುವ ಹಕ್ಕಿಯ, ಓಟದ ಸ್ಪರ್ಧೆಯ ಚಿತ್ರಗಳಲ್ಲಿ ಇಂದಿನ ಮಿರರ್‌ಲೆಸ್ ಬಾಡಿಗಳ ಫೋಕಸ್ ನಿಜಕ್ಕೂ ಬೇರೆಯೇ. ಕಣ್ಣನ್ನು ಗುರುತಿಸಿ ಹಿಂಬಾಲಿಸುತ್ತದೆ. ಕೈ ನಡುಗುವುದನ್ನು ಬಾಡಿಯ ಒಳಗೇ ಸರಿಪಡಿಸುವ ವ್ಯವಸ್ಥೆಯೂ ಹಲವುಗಳಲ್ಲಿದೆ. ಆದರೆ ಅದು ನಮ್ಮ ಕೈಯ ನಡುಕವನ್ನು ತಡೆಯುತ್ತದೆಯೇ ಹೊರತು ಎದುರಿಗೆ ಓಡುವವರ ಓಟವನ್ನಲ್ಲ. ನಿಮ್ಮ ಚಿತ್ರಗಳಲ್ಲಿ ಇರುವ ಕೊರತೆ ಇಂಥದ್ದೇ ಎಂದು ಖಚಿತವಾದರೆ ಬಾಡಿ ಬದಲಿಸಿ. ಖಚಿತವಾಗುವುದು ಹೇಗೆ?

ಇದಕ್ಕೆ ನಾವು ಮಾಡಿದ ಉಪಾಯ ಹೇಳುತ್ತೇವೆ. ಪ್ರತಿ ಡಿಜಿಟಲ್ ಚಿತ್ರದ ಜೊತೆಗೂ ಅದನ್ನು ಎಷ್ಟು ಮಿ.ಮೀ.ನಲ್ಲಿ, ಯಾವ ಕಿಂಡಿಯಲ್ಲಿ, ಎಷ್ಟು ಹೊತ್ತು ತೆರೆದು ತೆಗೆಯಲಾಯಿತು ಎಂಬುದು ದಾಖಲಾಗಿರುತ್ತದೆ. ಒಂದು ವರ್ಷದ ಚಿತ್ರಗಳನ್ನು ಮುಂದಿಟ್ಟುಕೊಂಡು, ಹಾಳಾದವುಗಳಿಗೆ ಕಾರಣವನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಬೆಳಕು ಸಾಲಲಿಲ್ಲವೇ? ದೂರವಾಯಿತೇ? ಫೋಕಸ್ ತಪ್ಪಿತೇ? ಅಥವಾ ನಾವೇ ತಪ್ಪು ಕಡೆ ನಿಂತಿದ್ದೆವೇ? ಯಾವ ಸಾಲಿನಲ್ಲಿ ಗೆರೆಗಳು ಹೆಚ್ಚೋ ಅದೇ ನಿಮ್ಮ ಕೊರತೆ.

ಜಗಲಿಯ ಬೆಳಕು

2010ರಲ್ಲಿ ನಮ್ಮ ಕಟ್ಟಡದಲ್ಲಿದ್ದ ಹಿರಿಯರೊಬ್ಬರು ತಮ್ಮ 50 ಮಿ.ಮೀ. ಲೆನ್ಸನ್ನು ಒಂದು ತಿಂಗಳಿಗೆ ಕೊಟ್ಟರು. "ಕೊಳ್ಳಬೇಡಿ, ಮೊದಲು ಇದನ್ನೇ ಇಟ್ಟುಕೊಂಡು ನೋಡಿ" ಎಂದರು. ಜೂಮ್ ಇಲ್ಲ, ಹತ್ತಿರ ಬೇಕಾದರೆ ನಾವೇ ನಡೆಯಬೇಕು. ಪ್ರಖ್ಯಾತ ಛಾಯಾಗ್ರಾಹಕ ಹೆನ್ರಿ ಕಾರ್ಟಿಯರ್ ಬ್ರೆಸನ್ ತಮ್ಮ ಬಹುಪಾಲು ಚಿತ್ರಗಳನ್ನು ಇಂಥ ಒಂದು 50 ಮಿ.ಮೀ. ಲೆನ್ಸಿನಲ್ಲೇ ತೆಗೆದರಂತೆ ಎಂದು ಅವರೇ ಹೇಳಿದ್ದು. ಆ ತಿಂಗಳು ಮನೆಯೊಳಗಿನ ಟ್ಯೂಬ್‌ಲೈಟಿನ ಬೆಳಕಿನಲ್ಲೇ ಫ್ಲಾಶ್ ಇಲ್ಲದೆ ಚಿತ್ರಗಳು ಬಂದವು. ನಮಗೆ ಸಂತೋಷವೂ ಆಯಿತು, ಹೊಟ್ಟೆಯಲ್ಲಿ ಸಂಕಟವೂ ಆಯಿತು. ಇದೊಂದು ಲೆನ್ಸ್ ಆಗ ಇದ್ದಿದ್ದರೆ!

ಅದೇ ಸಂಕಟದಲ್ಲಿ ಹಳೆಯ ಇನ್ನೂರು ಚಿತ್ರಗಳನ್ನು ಮತ್ತೆ ತೆರೆದು ಮೇಲೆ ಹೇಳಿದ ಪರೀಕ್ಷೆ ಮಾಡಿದೆವು. ಮನೆಯೊಳಗೆ ಫ್ಲಾಶ್ ಇಲ್ಲದೆ ತೆಗೆದವೆಲ್ಲ ಸೆಕೆಂಡಿನ ಎಂಟನೇ ಒಂದು ಭಾಗ, ಹತ್ತನೇ ಒಂದು ಭಾಗ. ಮಸುಕಾಗದೆ ಏನು? ಆದರೆ ಅವುಗಳ ನಡುವೆ ನಾಲ್ಕು ಚಿತ್ರಗಳು ಗಾಜಿನಂತೆ ಸ್ಪಷ್ಟವಾಗಿದ್ದವು. ಬೆಳಗಿನ ಹೊತ್ತು ಜಗಲಿಯಿಂದ ತೆಗೆದ ಅಂಗಳದ ಚಿತ್ರಗಳವು. ಒಣಗಲು ಹರವಿದ ಅಡಿಕೆ, ಪಕ್ಕದ ಮನೆಯ ಇಬ್ಬರು ಮಕ್ಕಳು. ಅದೇ ಬಾಡಿ, ಅದೇ ಕಿಟ್ ಲೆನ್ಸು.

ಅಜ್ಜಿ ಪ್ರತಿದಿನ ಬೆಳಿಗ್ಗೆ ಕುಳಿತು ದೇವರ ದೀಪಕ್ಕೆ ಬತ್ತಿ ಹೊಸೆಯುತ್ತಿದ್ದದ್ದು ಅದೇ ಜಗಲಿಯಲ್ಲಿ. ಆ ಹೊತ್ತಿಗೆ ನಾವು ದೊಡ್ಡ ಲೆನ್ಸು ಹೊತ್ತು ಕಂಬಳ, ಕಡಲತೀರ ಎಂದು ಊರೂರು ಸುತ್ತುತ್ತಿದ್ದೆವು. ಅಜ್ಜಿಯನ್ನು ಕತ್ತಲಾದ ಮೇಲೆ ನೆನಪು ಮಾಡಿಕೊಳ್ಳುತ್ತಿದ್ದೆವು.

ಆದ್ದರಿಂದ ಪ್ರಾಮಾಣಿಕವಾಗಿ ಹೇಳಬೇಕೆಂದರೆ ಲೆನ್ಸಿಗಿಂತಲೂ ಮುಂಚಿನದೊಂದಿದೆ. ಬೆಳಕು ಎಲ್ಲಿದೆ, ನಮಗೆ ಬೇಕಾದವರು ಎಲ್ಲಿದ್ದಾರೆ ಎಂದು ನೋಡುವುದು. ಅದಕ್ಕೆ ಒಂದು ಬೈಸಾ ಕೂಡ ಖರ್ಚಿಲ್ಲ. ಮೊದಲು ಬೆಳಕು, ಆಮೇಲೆ ಲೆನ್ಸು, ಎಲ್ಲಕ್ಕೂ ಕೊನೆಗೆ ಬಾಡಿ. ಅಂಗಡಿಯಲ್ಲಿ ನಾವು ಕೊಳ್ಳುವುದು ಮಾತ್ರ ಇದಕ್ಕೆ ಸರಿಯಾಗಿ ತಿರುಗುಮುರುಗಾಗಿ.

ಕೊಳ್ಳುವವರಿಗೆ ಕೆಲವು ಕಿವಿಮಾತು

ಕೊಳ್ಳಲೇಬೇಕೆಂದಿದ್ದರೆ ಹಳೆಯದನ್ನು ಕೊಳ್ಳಲು ನಾಚಿಕೆ ಬೇಡ. ಜನ ಮಿರರ್‌ಲೆಸ್ ಕಡೆ ಹೋದದ್ದರಿಂದ ಒಳ್ಳೆಯ ಡಿಎಸ್‌ಎಲ್‌ಆರ್‌ಗಳು ಅಗ್ಗಕ್ಕೆ ಸಿಗುತ್ತಿವೆ. ಷಟರ್ ಎಷ್ಟು ಸಲ ಓಡಿದೆ ಎಂದು ಕೇಳಿ. ಆರಂಭಿಕ ದರ್ಜೆಯವುಗಳ ಷಟರಿನ ಆಯುಸ್ಸು ಸಾಮಾನ್ಯವಾಗಿ ಲಕ್ಷದ ಆಸುಪಾಸು. ಲೆನ್ಸಿನ ಒಳಗೆ ಟಾರ್ಚ್ ಬಿಟ್ಟು ನೋಡಿ. ಜೇಡರ ಬಲೆಯಂತೆ ಎಳೆಗಳು ಕಂಡರೆ ಅದು ಬೂಷ್ಟು, ಬೇಡವೆನ್ನಿ. ಹೊಸದಾದರೆ ಗ್ಯಾರಂಟಿ ಊರಿನಲ್ಲೂ ನಡೆಯುತ್ತದೆಯೇ ಎಂದು ಬರಹದಲ್ಲಿ ಕೇಳಿಕೊಳ್ಳಿ.

ಇಲ್ಲಿನ ಬೇಸಿಗೆಯಲ್ಲಿ ಎಸಿ ಕಾರಿನಿಂದ ಇಳಿದ ಕೂಡಲೇ ಕ್ಯಾಮೆರಾ ಹೊರತೆಗೆದರೆ ಲೆನ್ಸಿನ ಮೇಲೆ ಹಬೆ ಕಟ್ಟುತ್ತದೆ. ಚೀಲದಲ್ಲೇ ಅರ್ಧ ಗಂಟೆ ಬಿಟ್ಟು ತೆಗೆಯಿರಿ. ನಿಂತ ಕಾರಿನೊಳಗೆ ಬಿಸಿಲಿಗೆ ಬಿಡಬೇಡಿ. ಊರಿನ ಮಳೆಗಾಲದಲ್ಲಾದರೆ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ.

ವಿದ್ಯಾರ್ಥಿಗಳಿಗೆ ಇನ್ನೊಂದು ಮಾತು. ನಾವು ಇನ್ನೊಬ್ಬರ ನಾಡಿನಲ್ಲಿದ್ದೇವೆ. ಯಾರ ಚಿತ್ರವನ್ನಾದರೂ, ಅದರಲ್ಲೂ ಹೆಂಗಸರದ್ದನ್ನು, ಕೇಳದೆ ತೆಗೆಯಬೇಡಿ. ಸರ್ಕಾರಿ ಕಟ್ಟಡಗಳ ಕಡೆ ಕ್ಯಾಮೆರಾ ತಿರುಗಿಸಬೇಡಿ. ರಾಸ್ ಅಲ್ ಜಿನ್ಜ್‌ನಲ್ಲಿ ಮೊಟ್ಟೆಯಿಡಲು ಬರುವ ಕಡಲಾಮೆಗಳ ಮುಂದೆ ಫ್ಲಾಶ್ ಹಾಕಬೇಡಿ. ಎಷ್ಟು ದೊಡ್ಡ ಲೆನ್ಸಿದ್ದರೂ ಮರ್ಯಾದೆ ಅದಕ್ಕಿಂತ ದೊಡ್ಡದು.

ಶಾಲೆಗೆ ನಮ್ಮ ಮನವಿ

ಕೊನೆಯದಾಗಿ ಒಂದು ಸಲಹೆ. ನಮ್ಮ ಪೋಷಕರ ಮನೆಗಳ ಬೀರುಗಳಲ್ಲಿ ಎಷ್ಟು ಹಳೆಯ ಕ್ಯಾಮೆರಾ, ಲೆನ್ಸುಗಳು ಮಲಗಿಲ್ಲ! ಫೋನ್ ಬಂದ ಮೇಲೆ ಅವನ್ನು ಮುಟ್ಟಿದವರಿಲ್ಲ. ಶಾಲೆಯ ಗ್ರಂಥಾಲಯದಲ್ಲಿ ಒಂದು ಕಪಾಟು ಕೊಟ್ಟರೆ, ಅವನ್ನು ಅಲ್ಲಿಟ್ಟು ಪುಸ್ತಕದಂತೆಯೇ ಎರಡು ವಾರಕ್ಕೊಮ್ಮೆ ಮಕ್ಕಳಿಗೆ ಎರವಲು ಕೊಡಬಹುದು. ಮುರಿದರೆ ಏನು ಗತಿ ಎಂದು ಕೇಳುವವರಿದ್ದಾರೆ. ಬೀರುವಿನಲ್ಲಿದ್ದು ಬೂಷ್ಟು ಹಿಡಿಯುವುದಕ್ಕಿಂತ ಮಗುವಿನ ಕೈಯಲ್ಲಿ ಸವೆಯುವುದು ವಾಸಿ. ಒಂದು ತಿಂಗಳು ಎರವಲು ಸಿಕ್ಕಿದ ಲೆನ್ಸು ನಮಗೆ ಕಲಿಸಿದ್ದನ್ನು ಹಲವು ನೂರು ರಿಯಾಲ್ ಖರ್ಚು ಮಾಡಿದರೂ ಕಲಿತಿರಲಿಲ್ಲ. ಮೊದಲ ಲೆನ್ಸನ್ನು ಕೊಡಲು ನಾವು ಸಿದ್ಧರಿದ್ದೇವೆ.

ಮಗಳ ಪಟ್ಟಿ ಏನಾಯಿತು ಎಂದು ಕೇಳುತ್ತೀರಾ? ಅವಳಿಗೆ ನಮ್ಮ 2007ರ ಬಾಡಿಯನ್ನೇ, ಆಮೇಲೆ ಕೊಂಡ 50 ಮಿ.ಮೀ. ಲೆನ್ಸಿನ ಜೊತೆ ಕೊಟ್ಟಿದ್ದೇವೆ. ಒಂದು ವರ್ಷ ಇದರಲ್ಲೇ ತೆಗೆ, ಕೊರತೆಗಳ ನೋಟ್‌ಬುಕ್ ತುಂಬಿಸು, ಆಮೇಲೆ ಮೂವರೂ ಕೂತು ಲೆಕ್ಕ ಹಾಕೋಣ ಎಂದಿದ್ದೇವೆ. ಮೊದಲ ವಾರ ಮುಖ ಊದಿಸಿಕೊಂಡಿದ್ದಳು. ಕಳೆದ ರಜೆಯಲ್ಲಿ ಊರಿಗೆ ಹೋದಾಗ ಒಂದು ಬೆಳಿಗ್ಗೆ ನಾವು ಏಳುವ ಮುಂಚೆಯೇ ಎದ್ದು ಜಗಲಿಗೆ ಹೋಗಿದ್ದಾಳೆ. ಈಗ ಅಲ್ಲಿ ಕುಳಿತು ಬತ್ತಿ ಹೊಸೆಯುವುದು ಅವಳ ಅಜ್ಜಿ. ಆ ಚಿತ್ರವನ್ನು ಮುದ್ರಿಸಿ ನಮ್ಮ ಮಸ್ಕತ್ ಮನೆಯ ಗೋಡೆಗೆ ಹಾಕಿದ್ದೇವೆ. ಸ್ವಲ್ಪ ಓರೆಯಾಗಿದೆ, ಒಂದು ಬದಿಯಲ್ಲಿ ಕಂಬ ಅಡ್ಡ ಬಂದಿದೆ.

ಅಜ್ಜಿ ನಗುತ್ತಿದ್ದಾರೆ.